ಟಿವಿಯಲ್ಲಿ ಕಂಡ ಚಿತೆ

ನಮ್ಮ ಅಜ್ಜಿಯ ಲೆಕ್ಕದಲ್ಲಿ ಟಿವಿಯಲ್ಲಿ ಹೆಣ ಸುಟ್ಟರೂ ಮೈಲಿಗೆಯೇ. ಸತ್ತವರು ಯಾರು, ಸುಟ್ಟದ್ದು ಎಲ್ಲಿ ಎಂಬುದು ಅವಳಿಗೆ ಬೇಕಿರಲಿಲ್ಲ. ಚಿತೆ ಉರಿಯುವುದನ್ನು ಕಂಡವರು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವಂತಿಲ್ಲ, ಮುಗಿಯಿತು.

ಆಗ ಉಗಾರ ಬುದ್ರುಕದ ನಮ್ಮ ಓಣಿಗೆಲ್ಲ ಒಂದೇ ಟಿವಿ, ಅದು ನಮ್ಮದು. ಪ್ರಧಾನಿಯನ್ನು ಗುಂಡಿಕ್ಕಿ ಕೊಂದ ಸುದ್ದಿಗೆ ಊರಿಗೆ ಊರೇ ದಂಗಾಗಿತ್ತು. ಅಂತ್ಯಕ್ರಿಯೆಯ ದಿನ ಕಬ್ಬಿನ ಹೊಲಕ್ಕೆ ಹೋಗಬೇಕಾದವರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಕಪ್ಪು-ಬಿಳುಪು ಪರದೆಯಲ್ಲಿ ಬೆಂಕಿ ಬೆಳ್ಳಗೆ ಕಾಣುತ್ತಿತ್ತು. ಅಷ್ಟು ದೊಡ್ಡವರನ್ನೂ ನಮ್ಮವರಂತೆಯೇ ಕಟ್ಟಿಗೆಯ ಮೇಲೆ ಮಲಗಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಮಂದಿ ಎದ್ದು ಹೋದ ಮೇಲೆ ಅಜ್ಜಿ ಹಿತ್ತಲಲ್ಲಿ ಹಂಡೆಯ ಪಕ್ಕ ತಂಬಿಗೆ ಹಿಡಿದು ನಿಂತಳು. ನನ್ನ ಅಕ್ಕ ಸೊಂಟದ ಮೇಲೆ ಕೈಯಿಟ್ಟು ವಾದಕ್ಕಿಳಿದಳು.

“ಟಿವ್ಯಾಗ ಕಂಡದ್ದು ಕಂಡಂಗ ಅಲ್ಲ, ಅಜ್ಜಿ. ಅದು ಬರೇ ಚಿತ್ರ.”

“ಕಣ್ಣೀಲೆ ಕಂಡ್ಯೋ ಇಲ್ಲೋ? ಬಾ, ಕುಂದ್ರ.”

ತಲೆಯ ಮೇಲೆ ನೀರು ಬಿತ್ತು. ಅಕ್ಕ ನೆನೆದ ಜಡೆಯನ್ನು ನನ್ನ ಮೇಲೆ ಝಾಡಿಸಿದಳು. ಬಾಗಿಲಲ್ಲಿ ನಿಂತ ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದಳು.

ಅಮೆರಿಕದಲ್ಲಿ ವಿಮಾನಗಳು ನುಗ್ಗಿ ಜೋಡಿ ಕಟ್ಟಡಗಳು ಕುಸಿಯುವ ಹೊತ್ತಿಗೆ ಮನೆಗೆ ಬಣ್ಣದ ಟಿವಿ ಬಂದಿತ್ತು. ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ನಾವು ಬಾಯಿ ತೆರೆದು ನೋಡುತ್ತಿದ್ದೆವು. ಹಾಸಿಗೆ ಹಿಡಿದಿದ್ದ ಅಜ್ಜಿ, “ಅದರಾಗ ಮಂದಿ ಇದ್ದರೇನ?” ಎಂದು ಕೇಳಿದಳು. ಇದ್ದರು ಎಂದೆ. “ಹಂಗಾದ್ರ ನೀರ ಕಾಸಾಕ ಹೇಳ.” ತವರಿಗೆ ಬಂದಿದ್ದ ಅಕ್ಕ ನನ್ನತ್ತ ಕಣ್ಣು ಹೊಡೆದಳು.

ಅಕ್ಕನನ್ನು ಕೊಟ್ಟದ್ದು ಮಿರಜ ಕಡೆಯ ಹಳ್ಳಿಗೆ. ಬೆಳಗಿನ ಚಹಾ ಇಲ್ಲಿ ಕುಡಿದರೆ ನಾಷ್ಟಾ ಅಲ್ಲಿ. ಅದು ಬೇರೆ ರಾಜ್ಯವೆಂಬುದು ನಮಗೆ ನಿಜವಾಗಿ ತಿಳಿದದ್ದು ಕೊರೊನಾ ಬಂದಾಗ. ಜ್ವರವೆಂದು ಆಸ್ಪತ್ರೆ ಸೇರಿದ ಅಕ್ಕ ತಿರುಗಿ ಬರಲಿಲ್ಲ. ಸುದ್ದಿ ಕೇಳಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹಿಂದಿನ ದಿನ ಫೋನಿನಲ್ಲಿ ನನ್ನನ್ನು ಬೈದವಳು ಸಾಯುವುದೆಂದರೇನು? ಒಮ್ಮೆ ಮುಖ ನೋಡಲೇಬೇಕೆಂದು ಅವ್ವನನ್ನು ಕರೆದುಕೊಂಡು ಹೊರಟೆ. ಗಡಿಯಲ್ಲಿ, ಕಾಗವಾಡದ ನಾಕಾದಲ್ಲಿ ಪೊಲೀಸರು ತಡೆದರು. ಜಗಳಾಡಿದೆ, ಕೈಮುಗಿದೆ. ಬಿಡಲಿಲ್ಲ.

ಮನೆಗೆ ಮರಳಿದ ಮೇಲೆ ಭಾವನ ತಮ್ಮ ಸ್ಮಶಾನದಿಂದ ವಿಡಿಯೊ ಕಾಲ್ ಮಾಡಿದ. ಫೋನಿನಲ್ಲಿ ಅವ್ವನಿಗೆ ಕಾಣುವುದಿಲ್ಲವೆಂದು ಅದನ್ನು ಟಿವಿಗೆ ಹಾಕಿದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಗಂಟು. ಮುಖವಿಲ್ಲ, ಜಡೆಯಿಲ್ಲ. ಬೆಂಕಿ ಹತ್ತಿತು.

“ನೀಟ ದಿಸತಂಯ್ ಕಾ?” ಸರಿಯಾಗಿ ಕಾಣುತ್ತಿದೆಯೇ ಎಂದು ಅವನು ಮರಾಠಿಯಲ್ಲಿ ಕೇಳಿದ.

“ದಿಸತಂಯ್,” ಎಂದಳು ಅವ್ವ.

ಆಮೇಲೆ ಅವಳೇ ಹಿತ್ತಲಿಗೆ ಹೋಗಿ ಹಂಡೆಗೆ ಉರಿ ಹಾಕಿ ನನ್ನನ್ನು ಕರೆದಳು. ನಾನು ಹೊಸ್ತಿಲು ದಾಟಲಿಲ್ಲ. ಸ್ನಾನ ಮಾಡಿದರೆ ಅಕ್ಕ ಸತ್ತಳೆಂದು ಒಪ್ಪಿದ ಹಾಗೆ.

“ಟಿವ್ಯಾಗ ಕಂಡದ್ದು ಕಂಡಂಗ ಅಲ್ಲವ್ವ,” ಎಂದೆ. “ಯಾರನ್ನ ಸುಟ್ಟರೋ ಏನೋ.”

ಅವ್ವ ತಂಬಿಗೆ ತುಂಬಿಕೊಂಡು ನಿಂತೇ ಇದ್ದಳು.

“ಅಕಿನೂ ಹಂಗ ಅಂತಿದ್ದಳು,” ಎಂದಳು. “ಬಾ, ಕುಂದ್ರ.”

ತಲೆ ನರೆತ ನಾನು ಹೋಗಿ ಹಂಡೆಯ ಪಕ್ಕದ ಕಲ್ಲಿನ ಮೇಲೆ ಕೂತೆ.