ಖಾಲಾ ಹಿಂಡಿದ ಹತ್ತಿ

ಖಾಲಾನ ಬಲಗೈಯಿನ ಎರಡ ಬೆರಳು ಯಾವಾಗಲೂ ನೀರಾಗ ನೆನದು ಮುದುಡಿರತಿದ್ದವು, ದಿನಾ ಅರಬಿ ಒಗಿಯೋರ ಕೈ ಹಂಗ. ಅಕಿ ಗೋಕಾಕದ ಒಂದ ದವಾಖಾನ್ಯಾಗ ಆಯಾ. ಇವರಿನ್ನ ಉಳಿಯೂದಿಲ್ಲ ಅಂತ ಡಾಕ್ಟರ್ ಹೇಳಿದವರ ತುಟಿಗಿ ಹಸಿ ಹತ್ತಿ ಮುಟ್ಟಿಸೂದು ಅಕಿ ತಾನ ಹಚಗೊಂಡ ಕೆಲಸ. ಹುಕ್ಕೇರಿಯಿಂದ ಮುಂಜಾನೆ ಮೊದಲನೇ ಬಸ್ಸಿಗಿ ಬರತಿದ್ಲು. ಇಡೀ ವಾರ್ಡಿಗಿ ಅಕಿ ಖಾಲಾನ, ಅಂದ್ರ ಚಿಗವ್ವ.

ನಾ ಅಕಿಗಿ ಸಿಕ್ಕಿದ್ದು ನಮ್ಮಜ್ಜನ್ನ ಹೆಚ್ಚೂಕಡಿಮಿ ಕೊಂದ ದಿನ.

ಅಜ್ಜಗ ಕರಳಿನ ಕ್ಯಾನ್ಸರ್. ಮೂರ ದಿನದಿಂದ ಏನೂ ತಿಂದಿರಲಿಲ್ಲ. ಮೂಗಿನ್ಯಾಗ ನಳಿಗಿ ಹಾಕಿದ್ರ ತ್ರಾಸ ಹೆಚ್ಚು, ಉಪಯೋಗ ಇಲ್ಲ ಅಂದಿದ್ರು ಡಾಕ್ಟರು. ಮೂಡಲಗಿಯಿಂದ ಅತ್ತಿ ತಾಸಿಗೊಮ್ಮೆ ಫೋನ್ ಮಾಡಾಕಿ: "ಏನ್ ತಿನ್ನಿಸಿದ್ಯೋ? ನಮ್ಮಪ್ಪನ್ನ ಉಪವಾಸ ಕಳಿಸಬ್ಯಾಡ."

ನಾ ಅರಭಾವ್ಯಾಗ ತೋಟಗಾರಿಕಿ ಓದಾವ. ಬಾಡಿದ್ದಕ್ಕೆಲ್ಲಾ ನೀರು, ಗೊಬ್ಬರ. ನನ್ನ ವಿದ್ಯಾ ಅಷ್ಟ. ಬೆಲ್ಲ, ಅಂಟು ಹಾಕಿದ ಗೋಕಾಕದ ಕರದಂಟ ತಂದು, ಹಾಲಾಗ ಕಿವುಚಿ, ಸಿಸ್ಟರ್ ಆ ಕಡೆ ತಿರುಗಿದ ಕೂಡಲೆ ನಾಕ ಚಮಚಾ ಅಜ್ಜನ ಬಾಯಾಗ ಹಾಕಿದೆ. ಅಜ್ಜನ ಮುಖ ನೀಲಿ ಆತು. ಆಗ ನಾ ಮಾಡಿದ ಉಪಚಾರ ಅಂದ್ರ, ಬಟ್ಟಲಾ ಕೆಳಗ ಕೆಡವಿ, ಬಾಜೂ ಕಾಟಿನ ಪೇಶಂಟನ ಕೈ ಹಿಡಕೊಂಡು ಅತ್ತಿದ್ದು. ಸಲಾಯಿನ್ ಹಚಗೊಂಡ ಮಲಗಿದ್ದ ಆ ಪುಣ್ಯಾತ್ಮನ ನನಗ ಸಮಾಧಾನ ಮಾಡಿದಾ.

ಖಾಲಾ ಓಡಿ ಬಂದು ಅಜ್ಜನ್ನ ಮಗ್ಗಲಿಗಿ ಹೊಳ್ಳಿಸಿ, ಬಾಯಾಗ ಬೆರಳ ಹಾಕಿ ಎಲ್ಲಾ ತಗದ್ಲು. ಅಜ್ಜ ಉಸರಾಡಾಕ ಹತ್ತಿದಾ. ಆಮ್ಯಾಲ ಉಳಿದ ಕರದಂಟಿನ ಪೊಟ್ಟಣ ನನ್ನ ಕೈಯಿಂದ ಕಸಗೊಂಡು, ಬಾಗಿಲ ಹಂತ್ಯಾಕ ಸ್ಟೂಲಿನ ಮ್ಯಾಲ ಕುಂತು ಒಂದ ತುಣುಕ ಬಾಯಾಗ ಹಾಕೊಂಡ್ಲು.

"ಇದು ನಿನಗ ದಂಡ," ಅಂದ್ಲು. "ಈಗ ಹೇಳ ತಮ್ಮಾ, ಹಸಿವಿ ಯಾರಿಗಿ ಐತಿ? ಅಜ್ಜಗ ಇಲ್ಲ. ಅವರ ಮೈ ತನ್ನ ಕೆಲಸ ಮುಗಿಸಾಕತ್ತೇತಿ. ಹಸಿವಿ ಇರೂದು ನಿನಗ, ನಿಮ್ಮತ್ತಿಗಿ."

"ನೀರಡಿಕಿ?"

"ಬಾಯಿ ಒಣಗತೈತಿ. ಅದಕ್ಕ ನಾ ಅದೇನಿ. ಅವರಿಗಿ ಏನ್ ಸೇರತಿತ್ತು?"

"ಚಹಾ. ಸಕ್ರಿ ಜಾಸ್ತಿ."

ಹತ್ತಿ ಚಹಾದಾಗ ಅದ್ದಿ, ಗಟ್ಟಿ ಹಿಂಡಿ, ತುಟಿಗಿ ಮುಟ್ಟಿಸಿದ್ಲು. ಅಜ್ಜನ ನಾಲಗಿ ಹೊರಗ ಬಂದು ಸವರಿ ಒಳಗ ಹೋತು. ಹನಿ ನೀರಾವರಿ ಪರೀಕ್ಷಾದಾಗ ಎರಡ ಸಲ ಫೇಲ್ ಆದ ನನಗ ಆ ಪಾಠ ಅವತ್ತ ತಿಳೀತು. ಅತ್ತಿಗಿ ಫೋನ್ ಹಚ್ಚಿ "ಚಹಾದ ರುಚಿ ನೋಡಿದಾ" ಅಂದೆ. ಅತ್ತಿ ಅತ್ಲು. ಮರುದಿನ ಅಜ್ಜ ಹೋದಾ. ತುಟಿ ಒಣಗಿರಲಿಲ್ಲ.

ಆಮ್ಯಾಲ ಎರಡ ವರ್ಷ, ಗೋಕಾಕಕ್ಕ ಹೋದಾಗೆಲ್ಲಾ ಕರದಂಟ ತಗೊಂಡ ಖಾಲಾನ ಕಡೆ ಹೋಗತಿದ್ದೆ.

"ಬಂದ್ಯಾ ಕೊಲೆಗಾರ? ದಂಡ ತಂದಿಯೇನ?" ಅಂತಿದ್ಲು. ಒಂದ ತುಣುಕ ನನಗ ಕೊಟ್ಟು ಉಳಿದದ್ದು ಚೀಲದಾಗ ಹಾಕೋತಿದ್ಲು.

ಈ ವರ್ಷ ಹೋದಾಗ ಸ್ಟೂಲ ಖಾಲಿ ಇತ್ತು. ಖಾಲಾ ಕಾಟಿನ ಮ್ಯಾಲ ಇದ್ಲು. ಲಿವರ್ ಹೋಗಿತ್ತು. ಮಗಳು ಡಾಕ್ಟರ ಮುಂದ ನಿಂತು, "ಇನ್ನೊಂದ ಸಲಾಯಿನ್ ಹಾಕ್ರಿ ಸಾಹೇಬ್ರ, ನಮ್ಮಮ್ಮಿ ಉಪವಾಸ ಹೋಗಬಾರದ್ರಿ" ಅನ್ನಾಕತ್ತಿದ್ಲು. ಹಾಕಿದ್ದ ಸಲಾಯಿನ್ನಿಗೇ ಖಾಲಾನ ಕೈ ಬಾತು, ತೊಟ್ಟ ಬಳಿ ಮಾಂಸದಾಗ ಹೂತಿದ್ದವು. ಎದ್ಯಾಗ ಗೊರಗೊರ.

"ಆ ನೀರ ಈಗ ಅವರ ಎದ್ಯಾಗ ತುಂಬಾಕತ್ತೇತಿ ತಂಗಿ," ಅಂದ್ರು ಡಾಕ್ಟರು.

ಮಗಳು ನನ್ನ ಕಡೆ ತಿರುಗಿದ್ಲು. "ನೀವ ಹೇಳ್ರಿ ಭಾಯಿ, ಹಂಗ ಬಿಡಾಕ ಬರತೈತೇನ್ರಿ?"

ಹೇಳೂದು ಗೊತ್ತಿತ್ತು. ಹಸಿವಿ ನಿಮಗ ಐತಿ ಅನ್ನಬೇಕಿತ್ತು. ಹುಟ್ಟಿದಾಗಿಂದ 'ಬಾಯಿ ಮುಚ್ಚಲೇ' ಅನಿಸಿಕೊಂಡ ಬೆಳದಾವ ನಾ. ಅವತ್ತ ಬಾಯಿ ಬದಲಿ ಕೈ ಓಡಿಸಿದೆ. ಕೈಯಾಗಿನ ಕರದಂಟ ಒಂದ ಚೂರ ಮುರದು, ಬಿಸಿನೀರಾಗ ಕರಗಿಸಿ, ಬೆಲ್ಲದ ನೀರಾಗ ಹತ್ತಿ ಅದ್ದಿ, ಗಟ್ಟಿ ಹಿಂಡಿ, ಮಗಳ ಕೈಯಾಗ ಕೊಟ್ಟೆ.

"ತುಟಿಗಿ ಮುಟ್ಟಿಸ್ರಿ, ಅಷ್ಟ. ಅಕಿಗಿ ಇದು ಬಾಳ ಸೇರತಿತ್ತು."

"ಹೌದಾ?" ಅಂದ್ಲು. "ಮನ್ಯಾಗ ಒಂದ ದಿನಾ ತಿನ್ನಲಿಲ್ಲ. ನಮ್ಮ ಹುಡುಗೂರಿಗಿ ತರತಿದ್ಲು."

ಎರಡ ವರ್ಷ ದಂಡ ಕೊಟ್ಟಾವ ನಾ. ಖಾಲಾಗ ಏನ್ ಸೇರತೈತಿ ಅಂತ ಒಂದ ಸಲ ಕೇಳಿರಲಿಲ್ಲ.

ಮಗಳು ಮುಟ್ಟಿಸಿದ್ಲು. ಬಾಳ ಹೊತ್ತ ಏನೂ ಆಗಲಿಲ್ಲ. ಆಮ್ಯಾಲ ಖಾಲಾನ ನಾಲಗಿ ತುದಿ ಹೊರಗ ಬಂತು, ತುಟಿ ಸವರಿತು, ಒಳಗ ಹೋತು. ಮಗಳು ಸಿಸ್ಟರಿಗಿ, "ಸಲಾಯಿನ್ ತಗದ ಬಿಡ್ರಿ" ಅಂದ್ಲು. ಮತ್ತ ಹತ್ತಿ ಅದ್ದಿದ್ಲು.

ಮಸೂತ್ಯಾಗ ಸಂಜಿ ಬಾಂಗ್ ಆಗೂದರಾಗ ಖಾಲಾ ಹೋದ್ಲು. ಹೊದಿಕಿ ಎಳಿಯಾಕ ಮಗಳು ಕೈ ಚಾಚಿದಾಗ ನೋಡಿದೆ. ಮಗಳ ಬಲಗೈಯಿನ ಎರಡ ಬೆರಳು ನೀರಾಗ ನೆನದು ಮುದುಡಿದ್ದವು.