ಎರಡು ಬಗೆಯಲ್ಲಿ ಕೇಳಿದ ಪ್ರಶ್ನೆ

ಜೇನುದನಿ ಎಂಬ ಅಡ್ಡಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಜನಾಭಿಪ್ರಾಯ ಸಂಗ್ರಹಿಸುವ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಗುರುತಿಲ್ಲದವರಿಗೆ ಫೋನ್ ಮಾಡುತ್ತಿದ್ದಳು. ಬೈಯಲು ಬಾಯಿ ತೆರೆದವರೂ ಮೆತ್ತಗಾಗಿ ಉತ್ತರ ಕೊಡುತ್ತಿದ್ದರು.

ಆ ಬುಧವಾರದ ಪ್ರಶ್ನೆ: ಪರದೇಶಗಳಿಗೆ ಸರ್ಕಾರ ಕೊಡುವ ನೆರವು ಮುಂದುವರಿಯಬೇಕೋ, ನಿಲ್ಲಬೇಕೋ? ಸಂಜೆ ಐದಕ್ಕೆ ಅಂಕಿಗಳು ಸಚಿವಾಲಯ ಸೇರಬೇಕು. ಮರುದಿನವೇ ಬಜೆಟ್ ಸಭೆ. ಅಂಥ ನೆರವಿನಿಂದಲೇ ನಡೆಯುವ ದೂರದೇಶದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಅವಳ ತಂಗಿ ನರ್ಸ್.

ಮಧ್ಯಾಹ್ನ ಮೇಲ್ವಿಚಾರಕ ಹೊಸ ಹಾಳೆ ಹಂಚಿದ. ಪ್ರಶ್ನೆಗೆ ಮುಂಚೆ ಒಂದು ಸಾಲು ಸೇರಿತ್ತು: ‘ನಮ್ಮ ಆಸ್ಪತ್ರೆಗಳಲ್ಲೇ ಹಾಸಿಗೆ ಸಾಲುತ್ತಿಲ್ಲವೆಂದು ನಿಮಗೆ ಗೊತ್ತೇ?’

ಮೊದಲ ಕರೆಯಲ್ಲೇ ಬಡಗಿಯೊಬ್ಬ ಸಿಡುಕಿದ. “ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ ಹಾಗಾಯ್ತು. ನಿಲ್ಲಿಸಿ ಅಂತ ಬರ್ಕೊಳ್ಳಿ.”

ಬೆಳಗ್ಗೆ ಹತ್ತು ಜನರಲ್ಲಿ ಆರು ಮಂದಿ ‘ಮುಂದುವರಿಯಲಿ’ ಎಂದಿದ್ದರು. ಈಗ ಹತ್ತರಲ್ಲಿ ಎಂಟು ಜನ ‘ಬೇಡ’ ಎನ್ನುತ್ತಿದ್ದರು. ಅವಳು ಎದ್ದು ಮೇಲ್ವಿಚಾರಕನ ಮೇಜಿಗೆ ಹೋದಳು.

“ಸಾರ್, ಈ ಸಾಲು ಓದಿದ್ರೆ ಉತ್ತರಾನ ನಾವೇ ಅವರ ಬಾಯಿಗಿಟ್ಟ ಹಾಗೆ.”

“ಅದು ಮೇಲಿಂದ ಬಂದಿದ್ದು. ನಿಮ್ಮ ತಂಗಿ ಅಲ್ಲಿದಾರಲ್ಲ, ಅದಕ್ಕೇ ನಿಮಗಿಷ್ಟು ಕಾಳಜಿ.”

ಅಕ್ಕಪಕ್ಕದವರು ಫೋನ್ ಬಿಟ್ಟು ಇತ್ತ ತಿರುಗಿದರು. ಆ ಮಾತು ಪೂರ್ತಿ ಸುಳ್ಳಲ್ಲವೆಂಬುದೇ ಅವಳನ್ನು ಹೆಚ್ಚು ಚುಚ್ಚಿತು.

“ಇದಾಳೆ, ನಿಜ. ಅದಕ್ಕೇ ನಾನು ಬರ್ಕೊಂಡಿದ್ದನ್ನೆಲ್ಲ ತೆಗೆದುಹಾಕಿ. ಉಳಿದವರದ್ದನ್ನ ಬೆಳಗ್ಗೆದು ಬೇರೆ, ಮಧ್ಯಾಹ್ನದ್ದು ಬೇರೆ ಮಾಡಿ, ಯಾವ ಪ್ರಶ್ನೆ ಕೇಳಿದ್ವಿ ಅಂತ ಎರಡರ ಮೇಲೂ ಬರೆದು ಕಳಿಸಿ.”

“ಕಳಿಸದೆ ಇದ್ರೆ?”

“ನಾನೇ ಸಚಿವಾಲಯಕ್ಕೆ ಹೋಗಿ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ.”

ನಾಲ್ಕೂವರೆಯಾಗಿತ್ತು. ಮೇಲ್ವಿಚಾರಕ ಅವಳ ಮುಖ ನೋಡದೆ ಹಾಳೆಗಳನ್ನು ಜೋಡಿಸುತ್ತ ಕುಳಿತ. ಆಗ ಮೂಲೆಯಲ್ಲಿದ್ದ, ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯಳು ಹೆಡ್‌ಫೋನ್ ತೆಗೆದಿಟ್ಟಳು.

“ನಾನೂ ಅವಳ ಜೊತೆ ಹೋಗ್ತೀನಿ, ಸಾರ್. ನಂಗೆ ಅಲ್ಲಿ ಯಾವ ತಂಗಿನೂ ಇಲ್ಲ.”

ಐದಕ್ಕೆ ಹತ್ತು ನಿಮಿಷವಿದ್ದಾಗ ಎರಡೂ ಪಟ್ಟಿಗಳು ಹೋದವು.

ಸಭೆ ನೆರವನ್ನು ನಿಲ್ಲಿಸಲಿಲ್ಲ, ಮೂರನೇ ಒಂದು ಭಾಗ ಕತ್ತರಿಸಿತು. ಆ ಪಟ್ಟಿಗಳನ್ನು ಅಲ್ಲಿ ಯಾರಾದರೂ ಓದಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಮುಂದಿನ ತಿಂಗಳು ಅವಳನ್ನು ಕಡತಗಳ ಕೋಣೆಗೆ ಹಾಕಿದರು.

ಒಂದು ಭಾನುವಾರ ತಂಗಿಯ ಫೋನ್ ಬಂತು. “ಅಕ್ಕಾ, ಒಂದು ವಾರ್ಡ್ ಮುಚ್ಚಿದ್ರು. ಇಡೀ ಆಸ್ಪತ್ರೆನೇ ಹೋಗುತ್ತೆ ಅಂದ್ಕೊಂಡಿದ್ವಿ. ಹೇಗೆ ಉಳೀತೋ.”

ಅವಳು ಕೇಳಿದಳು: “ಆ ವಾರ್ಡಿನ ಮಕ್ಕಳು ಈಗ ಎಲ್ಲಿದಾರೆ?”