ಕರಡಿಗೆ ಕೇಳುವಷ್ಟು

ಮೊನ್ನೆ ಕೊಟ್ಟೂರಿನ ಸಂತೆಯಲ್ಲಿ ಕವಳಿಹಣ್ಣಿನ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗಟ್ಟಿಯಾಗಿ ಮಾತಾಡತೊಡಗಿದೆ. ಜೊತೆಯಲ್ಲಿ ಯಾರೂ ಇರಲಿಲ್ಲ. ಹಣ್ಣು ಮಾರುವಾಕೆ ತಕ್ಕಡಿ ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕವಳಿ ಹಣ್ಣಾದಲ್ಲಿ ಕರಡಿ ಇರುತ್ತದೆ, ಕರಡಿ ಇರುವಲ್ಲಿ ಸುಮ್ಮನಿರಬಾರದು ಎಂದು ಅವಳಿಗೆ ಹೇಗೆ ವಿವರಿಸಲಿ? ತರಗತಿಯಲ್ಲಿ ಹಾಜರಿ ಹೇಳಲೂ ನಾಚುತ್ತಿದ್ದ ನಾನು ಹೀಗಾದದ್ದಕ್ಕೆ ಕಾರಣ ಹನುಮವ್ವ.

ಎಂ.ಎಸ್ಸಿ. ಮುಗಿಸಿದ ವರ್ಷ, ಕೂಡ್ಲಿಗಿ ಕಡೆಯ ಗುಡ್ಡವೊಂದರಲ್ಲಿ ಕರಡಿಗಳಿಗೆ ನೀರು ತುಂಬುವ ಕೆಲಸಕ್ಕೆ ಸೇರಿದ್ದೆ. ಮೊದಲು ಕತ್ತಲಾದ ಮೇಲೆ ಇಳಿಯುತ್ತಿದ್ದ ಕರಡಿಗಳು, ಬೇಸಿಗೆ ಉದ್ದವಾಗಿ ಬಂಡೆಸಂದಿಯ ನೀರು ಬತ್ತಿದಂತೆಲ್ಲ, ಬಿಸಿಲಿರುವಾಗಲೇ ಊರಿನ ಕುರಿಗಳ ನೀರಿನ ತೊಟ್ಟಿಗೆ ಬರತೊಡಗಿದ್ದವು. ಕುರಿಗಾರರು ಬರುವ ಹೊತ್ತೂ ಅದೇ. ಎದುರಾದರೆ ಒಬ್ಬರಿಗಂತೂ ಗಾಯ ಖಂಡಿತ. ಅದಕ್ಕೇ ಮೇಲೆ, ಬಂಡೆಯ ಹಿಂದೆ, ಅವುಗಳಿಗೆ ಬೇರೆ ತೊಟ್ಟಿ ಕಟ್ಟಿದ್ದು. ತುಂಬುವವರು ನಾನು ಮತ್ತು ನಲವತ್ತು ಕುರಿಗಳ ಒಡತಿ ಹನುಮವ್ವ. ನೀರಿನ ಕ್ಯಾನು ಹೊರುವುದು ಅವಳ ಕತ್ತೆ.

ಹನುಮವ್ವನ ನಿಯಮ ಒಂದೇ: ದಾರಿಯುದ್ದಕ್ಕೂ ಮಾತಾಡಬೇಕು. ಸದ್ದಿಲ್ಲದೆ ಹೋದರೆ ಕರಡಿ ಬೆದರುತ್ತದೆ, ಬೆದರಿದರೆ ಮೈಮೇಲೆ ಬೀಳುತ್ತದೆ. ಏನು ಮಾತಾಡಲಿ ಎಂದು ಕೇಳಿದೆ.

“ಹೊಟ್ಟ್ಯಾಗ ಇರೋದನ್ನ ಹೇಳು.”

ಹೊಟ್ಟೆಯಲ್ಲಿರುವುದನ್ನು ಅಮ್ಮನಿಗೇ ಹೇಳಿದವಳಲ್ಲ ನಾನು. ಕೆಲಸಕ್ಕೆಂದು ಕೊಟ್ಟಿದ್ದ ಊರಿನ ಸಮೀಕ್ಷೆಯ ಹಾಳೆ ಹಿಡಿದು ಓದಿದೆ: ಮನೆಯಲ್ಲಿ ಎಷ್ಟು ಜನ, ಎಷ್ಟು ಕುರಿ, ನೀರಿನ ಮೂಲ ಯಾವುದು. ಹಿಂದಿನಿಂದ ಹನುಮವ್ವ ಶ್ರದ್ಧೆಯಿಂದ ಉತ್ತರ ಕೊಟ್ಟಳು. ಮೂರನೆಯ ದಿನ, “ಕರಡಿಗೂ ಬ್ಯಾಸರ ಬಂದಿರತೈತಿ, ಬ್ಯಾರೆ ಏನಾರ ಹೇಳವ್ವ” ಎಂದಳು.

ಒಂದು ಸಂಜೆ ಅವಳು ನನ್ನ ಮದುವೆಯ ವಿಷಯ ಎತ್ತಿದಳು. ನನಗೆ ಸಿಟ್ಟು ಬಂತು. ತುಟಿ ಬಿಗಿದುಕೊಂಡು ಬಿರಬಿರನೆ ಮುಂದೆ ನಡೆದೆ. ಬಂಡೆ ತಿರುಗಿದರೆ, ಹತ್ತು ಹೆಜ್ಜೆ ಆಚೆ ತಾಯಿ ಕರಡಿ. ಬೆನ್ನ ಮೇಲೆ ಮರಿ. ತಾಯಿ ಹಿಂಗಾಲ ಮೇಲೆ ಎದ್ದು ನಿಂತಿತು. ಐದು ವರ್ಷ ಪ್ರಾಣಿಶಾಸ್ತ್ರ ಓದಿದವಳಿಗೆ ಒಂದು ಅಕ್ಷರವೂ ನೆನಪಾಗಲಿಲ್ಲ. ಅಷ್ಟರಲ್ಲಿ ಹನುಮವ್ವ ನನ್ನ ರಟ್ಟೆ ಹಿಡಿದು ಮೆಲ್ಲಗೆ ಹಿಂದಕ್ಕೆಳೆಯುತ್ತ, ನೆರೆಮನೆಯಾಕೆಯೊಡನೆ ಮಾತಾಡುವ ದನಿಯಲ್ಲಿ ಅದಕ್ಕೆ ಹೇಳಿದಳು:

“ನಿನ್ನ ನೀರು ಕುಡಿಯಾಕ ಬಂದಿಲ್ಲಬೇ, ತುಂಬಾಕ ಬಂದೀವಿ. ಈ ಹುಡುಗಿ ನನ್ನ ಮ್ಯಾಲೆ ಸಿಟ್ಟು ಮಾಡ್ಯಾಳ, ಅದಕ ಬಾಯಿ ಬಿಟ್ಟಿಲ್ಲ. ನೀನ ಹೇಳು, ನಾ ಕೇಳಿದ್ದು ತಪ್ಪೇನು?”

ಕರಡಿ ಗಾಳಿ ಮೂಸಿತು. ನಾಲ್ಕೂ ಕಾಲೂರಿ, ಮರಿಯನ್ನು ಹೊತ್ತು ಪೊದೆಯೊಳಗೆ ಹೋಯಿತು. ತಪ್ಪು ಯಾರದೆಂದು ಹೇಳಲಿಲ್ಲ. ಬಹಳ ಹೊತ್ತು ಕಾದು ತೊಟ್ಟಿ ತುಂಬಿದೆವು. ಅರ್ಧ ಕ್ಯಾನು ನೀರು ನನ್ನ ಚಪ್ಪಲಿಗೇ ಹೋಯಿತು.

ಮರುದಿನ ಹನುಮವ್ವ ಕತ್ತೆಯ ಕೊರಳಿಗೆ ದೊಡ್ಡದೊಂದು ಗಂಟೆ ಕಟ್ಟಿ, ಅದರೊಡನೆ ಇಪ್ಪತ್ತು ಹೆಜ್ಜೆ ಹಿಂದುಳಿದಳು. ಆ ಸದ್ದಿನಲ್ಲಿ ನನ್ನ ಮಾತು ಅವಳಿಗೆ ಕೇಳಿಸದು.

“ನನಗ ಕೇಳೋದು ಬ್ಯಾಡ,” ಎಂದಳು. “ಕರಡಿಗೆ ಕೇಳಿದ್ರ ಸಾಕು.”

ಗಂಟೆ ಇದ್ದ ಮೇಲೆ ಮಾತೇಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅಪ್ಪನ ಮೇಲಿನ ಹಳೆಯ ಮುನಿಸಿನಿಂದ ಶುರು ಮಾಡಿದೆ; ಮಳೆ ಬರುವ ಹೊತ್ತಿಗೆ ನನ್ನ ಕತೆ ಹಾಸ್ಟೆಲಿನ ದಿನಗಳನ್ನು ದಾಟಿತ್ತು. ಆ ಬೇಸಿಗೆ ಗುಡ್ಡದ ದಾರಿಯಲ್ಲಿ ಜನಕ್ಕೂ ಕರಡಿಗೂ ಒಂದು ಗೀರೂ ಆಗಲಿಲ್ಲ.

ಈ ಬೇಸಿಗೆಯಲ್ಲೂ ತೊಟ್ಟಿ ತುಂಬುತ್ತಿದ್ದೇವೆ. ಹೋದ ವಾರ ಬಂಡೆಯ ತಿರುವಿನಲ್ಲಿ ನನ್ನ ಬದುಕಿನ ಒಂದು ನಿರ್ಧಾರವನ್ನು ಗಟ್ಟಿಯಾಗಿಯೇ ಹೇಳಿದೆ. ಭಾನುವಾರ ಅಮ್ಮನಿಗೆ ಹೇಳುತ್ತೇನೆ. ನಿಮಗೆ ಈಗಲೇ ಹೇಳಲಾರೆ, ಬೇಸರಿಸಬೇಡಿ. ಸದ್ಯಕ್ಕೆ ಕರಡಿಗೆ ಗೊತ್ತು.